ಹಿಂದುಗಡೆ ಬರೆ ಎಲ್ಲಿದೆ?

ಅಕ್ಕನ ಮಗ ಬೆಂಗ್ಳೂರಿಂದ ಫೋನ್ ಮಾಡಿ "ಮಾವ, ತೋಟದಲ್ಲಿ ಒಂದು ಶೂಟಿಂಗ್ ರೇಂಜ್ ಮಾಡ್ಬಿಡೋಣ, ಹೇಗೂ ಜಾಗ ಸುಮ್ನೆ ಬಿದ್ದಿದೆ" ಅಂದ. ಸುಮ್ನೆ ಬಿದ್ದಿರೋದು ಅಂದ್ರೆ ನನ್ನ ಗದ್ದೆ. ಇರ್ಲಿ.

ಅವ್ನ ಪ್ರಕಾರ ರೇಂಜ್ ಅಂದ್ರೆ ಶೆಡ್ಡು, ಬೆಂಚು, ಟಾರ್ಗೆಟ್ ಪೇಪರು, ಗೇಟಿಗೊಂದು ಬೋರ್ಡು. ನಾನು ಕೇಳಿದ್ದು ಒಂದೇ, ಹಿಂದುಗಡೆ ಬರೆ, ಅಂದ್ರೆ ಗುಂಡು ತಡೆಯೋ ಮಣ್ಣಿನ ದಿಬ್ಬ, ಎಲ್ಲಿದೆ? ಪಾಯಿಂಟ್ 22 ರೈಫಲ್ ಗುಂಡು ನೋಡೋಕೆ ಕಡ್ಲೆಕಾಳಷ್ಟು, ತಡೆಯೋದು ಏನೂ ಇಲ್ಲಾಂದ್ರೆ ಒಂದೂವರೆ ಕಿಲೋಮೀಟರ್ ತನಕ ಹೋಗಬಹುದು, ಅಷ್ಟರೊಳಗೆ ನಮ್ಮಲ್ಲಿ ಕೆಲಸದವರ ಲೈನ್‌ಮನೆ ಇದೆ, ಅಂಗನವಾಡಿ ಇದೆ, ಏಣಿ ಹತ್ತಿ ಮೆಣಸು ಕುಯ್ಯೋರು ಇರ್ತಾರೆ. "ಸಿಲ್ವರ್ ಓಕ್ ಸಾಲು ಅಡ್ಡ ಇದ್ಯಲ್ಲ" ಅಂತಾನೆ! ಮೆತ್ತನೆ ಮಣ್ಣಿನ ದಿಬ್ಬ ಬೇಕು ಮಾರಾಯ, ಅದ್ರಲ್ಲಿ ಕಲ್ಲಿರಬಾರದು, ಕಲ್ಲಿಗೆ ಬಡಿದ ಗುಂಡು ಎತ್ತ ತಿರುಗುತ್ತೆ ಅಂತ ಹೇಳೋಕಾಗಲ್ಲ ಅಂದೆ. ಹಾಗಾದ್ರೆ ಜೆಸಿಬಿ ತಂದು ಗುಡ್ಡ ಕೆತ್ತಿಸೋಣ ಅಂದ. 2018ರ ಆಗಸ್ಟಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ಇವ್ನು ಟಿವಿಯಲ್ಲಿ ನೋಡಿದ್ದು ಅಷ್ಟೇ ಇರ್ಬೇಕು.

ಬರೆ ಇಲ್ದೆ ಹೊಡೆಯೋದು ನಮ್ಗೇನು ಹೊಸದಲ್ಲ ಬಿಡಿ. ನಮ್ಮ ಕೊಡವರ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡಿ, ಕಡಂಬುಟ್ಟು ಪಂದಿಕರಿ ತಿಂದು, ಮರದ ಮೇಲೆ ತೆಂಗಿನಕಾಯಿ ಇಟ್ಟು ಹೊಡೀತೀವಲ್ಲ. ಒಂದು ವರ್ಷ ಕಾಯಿನ ಹಗ್ಗದಲ್ಲಿ ನೇತು ಹಾಕಿದ್ರು. ನಮ್ಮ ಕುಟುಂಬದ ಹಿರಿಯರೊಬ್ರು 12 ಬೋರ್ ಕೋವೀಲಿ ಹೊಡೆದ್ರು, ಹಗ್ಗ ಕಡೀತು, ಕಾಯಿ ಕೆಳಗಿನ ಬಂಡೆಗೆ ಬಿದ್ದು ಎರಡು ಹೋಳಾಯ್ತು. ಪ್ರೈಜ್ ಕೊಡಿ ಅಂದ್ರು. ಜಡ್ಜ್ ಆಗಿದ್ದ ರಿಟೈರ್ಡ್ ಸುಬೇದಾರ್ರು "ಒಡೆದಿದ್ದು ಬಂಡೆ, ಬೇಕಾದ್ರೆ ಬಂಡೆಗೆ ಕೊಡ್ತೀನಿ" ಅಂದ್ರು. ಕಾಯಿ ಒಡೀಬೇಕು ಅಂತಷ್ಟೇ ರೂಲ್ಸು, ಯಾರು ಒಡೀಬೇಕು ಅಂತ ಎಲ್ಲಿ ಬರ್ದಿದೆ ಅಂತ ಇವ್ರು. ಬರ್ದಿರೋ ರೂಲ್ಸೇ ಇರ್ಲಿಲ್ಲ, ಅದು ಬೇರೆ ಮಾತು. ಸಿಪ್ಪೆಗೆ ಒಂದಾದ್ರೂ ಚರೆ, ಅಂದ್ರೆ ತೋಟೆಯೊಳಗಿನ ಸಣ್ಣ ಗುಂಡು, ತಾಗಿದ್ಯಾ ನೋಡೋಣ ಅಂತ ಕೊನೆಗೆ ರಾಜಿ ಆಯ್ತು, ಟಾರ್ಚ್ ಹಿಡ್ಕೊಂಡು ಎಲ್ರೂ ಹುಡುಕಿದ್ರೆ ಕಾಯಿನ ಮಕ್ಳು ತಿಂದಾಗಿತ್ತು, ಸಿಪ್ಪೆ ಬಿಸಿನೀರಿನ ಒಲೆಗೆ ಹೋಗಿತ್ತು. ಇವತ್ತಿಗೂ ಆ ಎರಡು ಮನೆಯವರು ಮದುವೆಗಳಲ್ಲಿ ಒಂದೇ ಸಾಲಲ್ಲಿ ಊಟಕ್ಕೆ ಕೂರಲ್ಲ. ಇಷ್ಟು ಜಗಳದಲ್ಲಿ ಮಿಕ್ಕಿದ ಚರೆ ಎಲ್ಲಿ ಹೋಗಿ ಬಿತ್ತು ಅಂತ ಒಬ್ನೂ ಕೇಳ್ಲಿಲ್ಲ, ಕಾಯಿ ಹಿಂದೆ ಇದ್ದಿದ್ದು ಬರೀ ಆಕಾಶ.

ಇದನ್ನೆಲ್ಲ ಹೇಳಿದ್ರೆ ಹುಡುಗ "ನಮ್ಗೆ ವಿನಾಯಿತಿ ಇದೆ ಮಾವ" ಅಂತಾನೆ. ಇದೆ, 1861ರಿಂದ ಇದೆ, ಈಗಿಂದು 2029ರ ತನಕ ಇದೆ. ಅದು ನಾವು ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಳ್ಳೋಕೆ, ಹಾರೋ ಗುಂಡಿಗೆ ಯಾರೂ ವಿನಾಯಿತಿ ಕೊಟ್ಟಿಲ್ಲ.

ಏರ್ ರೈಫಲ್ ತಗೋ, 10 ಮೀಟರ್ ಸಾಕು, ಕಾಫಿ ಗೋಡೌನಲ್ಲೇ ಆಗುತ್ತೆ, ಟಾರ್ಗೆಟ್ ನಡುವಿನ ಹತ್ತು ಪಾಯಿಂಟಿನ ಚುಕ್ಕೆ ಅರ್ಧ ಮಿಲಿಮೀಟರ್ ಇರುತ್ತೆ, ಅದಕ್ಕೆ ಹೊಡೆದು ತೋರ್ಸು ಅಂದೆ. ಅದು ಮಕ್ಕಳದ್ದು ಅಂತೆ. ನಿನ್ನೆ ಟಾರ್ಗೆಟ್ ಪೇಪರಿನ ಪಾರ್ಸೆಲ್ ಬಂತು, ನನ್ನ ಅಡ್ರೆಸ್ಸಿಗೆ, ಕ್ಯಾಶ್ ಆನ್ ಡೆಲಿವರಿ.