ಇಳಿಸಬೇಕಾದದ್ದು ಅತಿಥಿಗಳನ್ನಲ್ಲ, ಅಡುಗೆಯ ಪಟ್ಟಿಯನ್ನು

ಹಬ್ಬದ ಖರ್ಚು ತಗ್ಗಿಸಲು ಕರೆಯುವವರ ಸಂಖ್ಯೆಯನ್ನೇ ಇಳಿಸಿ ಎಂದು ಲೇಖನವೊಂದು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ದಾವಣಗೆರೆಯ ನಮ್ಮ ಮನೆಯ ಯುಗಾದಿ ಊಟಕ್ಕೆ ಸುಮಾರು 30 ಜನ ಸೇರುತ್ತಾರೆ. ಒಬ್ಬರನ್ನೂ ಬಿಡಲು ಮನಸ್ಸು ಬರುವುದಿಲ್ಲ.

ನಮ್ಮ ಹೋಳಿಗೆಯೇ ಎಷ್ಟು ಜಾಣ ಅಡುಗೆ ನೋಡಿ! 1 ಕೆ.ಜಿ. ಕಡಲೆಬೇಳೆ, ಅಷ್ಟೇ ಬೆಲ್ಲದಲ್ಲಿ ಮಧ್ಯಮ ಗಾತ್ರದ 40 ಹೋಳಿಗೆ ಧಾರಾಳವಾಗಿ ಆಗುತ್ತವೆ. ಬೇಳೆಗೆ ನೀರು ಹೆಚ್ಚಾಗಿಯೇ ಇಡಿ. ಬೆಂದ ಬೇಳೆಯಿಂದ ಬಸಿದ ನೀರಿಗೆ (ಕಟ್ಟು) ಒಂದು ಹಿಡಿ ಹೂರಣ, ಹುಣಸೆರಸ, ಸಾರಿನ ಪುಡಿ, ಹುರಿದ ಒಣಕೊಬ್ಬರಿ ಬಿದ್ದರೆ ಹೋಳಿಗೆ ಸಾರು ಸಿದ್ಧ. ಸಾರಿಗೆಂದು ಬೇರೆ ಬೇಳೆ ಬೇಕಿಲ್ಲ. ಮಾವಿನಕಾಯಿಯ ಕಾಲವಾದ್ದರಿಂದ ಅದರದೇ ಚಿತ್ರಾನ್ನ, ಜೊತೆಗೆ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ. ಪನೀರ್, ತಂಪು ಪಾನೀಯದ ಬಾಟಲಿ, ಅಂಗಡಿಯ ಸಿಹಿ ಬೇಡವೇ ಬೇಡ. ಹೋಳಿಗೆಯ ಮೇಲಿನ ತುಪ್ಪಕ್ಕೆ ಮಾತ್ರ ದಯವಿಟ್ಟು ಕೈ ಬಿಗಿ ಮಾಡಬೇಡಿ.

ಸಂಜೆಯವರೆಗೆ ಉಳಿದವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿ ಅದಕ್ಕೇನು ಬರ?

ಇನ್ನು ಅತ್ತಿಗೆ, ಚಿಕ್ಕಮ್ಮಂದಿರು ‘ಏನು ತರಲಿ?’ ಎಂದರೆ ಸಂಕೋಚಪಡದೆ ಮೊಸರು, ಬಾಳೆಎಲೆ ತನ್ನಿ ಎಂದು ಹೇಳಿಬಿಡಿ. ಅವರು ಮನಸಾರೆ ಕೇಳಿರುತ್ತಾರೆ.