ಮೇಷ್ಟ್ರ ಕೈಗೆ ಮೌಸ್ ಕೊಡಿ

ಈಗೀಗ ಶಿಕ್ಷಕರ ತರಬೇತಿ ಅಂದರೆ ಮೊಬೈಲ್‌ನಲ್ಲಿ ವಿಡಿಯೊ ನೋಡು, ಕೊನೆಗೆ ನಾಲ್ಕು ಪ್ರಶ್ನೆಗೆ ಟಿಕ್ ಹಾಕು, ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿಕೋ ಅನ್ನುವ ಹಾಗೆ ಆಗಿಬಿಟ್ಟಿದೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ನಮ್ಮ ಕಾಲದವರು ಕಲಿತದ್ದು ಹೀಗಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಶಾಲೆಗೆ ಕಂಪ್ಯೂಟರ್ ಮೊದಲೇ ಬಂದಿತ್ತು, ಆದರೆ ಅದನ್ನು ಕಲಿಸಲು ಬೇರೆಯವರೇ ಇದ್ದರು, ವಿಷಯ ಶಿಕ್ಷಕರಿಗೂ ಆ ಕೋಣೆಗೂ ಅಷ್ಟಕ್ಕಷ್ಟೆ. 2011ರ ಹೊತ್ತಿಗೆ ವಿಷಯ ಶಿಕ್ಷಕರ ವೇದಿಕೆಯ ಕಾರ್ಯಾಗಾರಗಳು ಶುರುವಾದವು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಆಗಿನ ಪ್ರೌಢಶಿಕ್ಷಣ ಯೋಜನೆ ಆರ್‌ಎಂಎಸ್‌ಎ ಜೊತೆ ಐಟಿ ಫಾರ್ ಚೇಂಜ್ ಅನ್ನುವ ಸ್ವಯಂಸೇವಾ ಸಂಸ್ಥೆ ಸೇರಿ ನಡೆಸಿದ್ದು. ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ ಕಂಪ್ಯೂಟರ್ ಮುಂದೆ ಕೂರಿಸಿ ಜಿಯೋಜಿಬ್ರಾ ಅನ್ನುವ ಗಣಿತದ ತಂತ್ರಾಂಶ ತೆರೆಸಿದರು. ಅದನ್ನು ಮಾರ್ಕುಸ್ ಹೋಹನ್‌ವಾರ್ಟರ್ ಅನ್ನುವವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಓದುವಾಗ ಶುರು ಮಾಡಿದ್ದಂತೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಊರಿಗೆ ಅದಕ್ಕಿಂತ ಇನ್ನೇನು ಬೇಕು?

ಒಂದು ತ್ರಿಭುಜ ಬರೆದು, ಮೂರು ಕೋನದ ಅಳತೆ ಕಾಣುವ ಹಾಗೆ ಮಾಡಿ, ಒಂದು ಶೃಂಗ ಹಿಡಿದು ಎಳೆದರೆ ಕೋನಗಳೆಲ್ಲ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಬೋರ್ಡಿನ ಮೇಲೆ ನಾನು ಬರೆದ ತ್ರಿಭುಜ ಯಾವತ್ತೂ ಅಲ್ಲಾಡಿದ್ದಿಲ್ಲ! ಇದನ್ನೇ ತರಗತಿಯಲ್ಲಿ ಮಾಡಿದಾಗ ಒಬ್ಬಳು ಹುಡುಗಿ ಕೂಡಿಸಿ ನೋಡಿ, "ಸಾರ್, 180.01 ಬರ್ತಿದೆ" ಅಂದಳು. ನಿಜ, ತೆರೆಯ ಮೇಲೆ 53.13, 46.44, 80.44 ಅಂತ ಇತ್ತು. ಎರಡು ದಶಮಾಂಶ ಸ್ಥಾನಕ್ಕೆ ಅಂದಾಜು ಮಾಡಿ ತೋರಿಸುವುದರಿಂದ ಹಾಗಾಗುತ್ತದೆ. ಅವತ್ತು ಇಡೀ ಪೀರಿಯಡ್ ಅದರ ಮೇಲೇ ಹೋಯಿತು. ಅಳೆದು ನೋಡುವುದು ಬೇರೆ, ಸಾಧಿಸುವುದು ಬೇರೆ ಅಂತ ನಾನು ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದು ಆ ಮಕ್ಕಳಿಗೆ ಕಣ್ಣಿಗೇ ಕಂಡಿತು. ಯಾರೋ ತಯಾರಿಸಿದ ವಿಡಿಯೊದಲ್ಲಿ ಆ 180.01 ಬರುತ್ತಿತ್ತಾ? ಬಂದಿದ್ದರೂ ಎಡಿಟ್ ಮಾಡಿ ತೆಗೆದುಬಿಡುತ್ತಿದ್ದರು.

ಆಗ ಕೆಒಇಆರ್, ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ಅಂತ ಒಂದು ಜಾಲತಾಣವೂ ಬಂತು. ಪಾಠದ ಚಟುವಟಿಕೆಗಳನ್ನು ಶಿಕ್ಷಕರೇ ಬರೆದು, ಶಿಕ್ಷಕರೇ ತಿದ್ದುವಂಥದ್ದು. ಎಲ್ಲೋ ಒಂದು ಮೂಲೆಯ ಶಾಲೆಯ ಮೇಷ್ಟ್ರು ಬರೆದದ್ದನ್ನು ನಾನು ನನ್ನ ತರಗತಿಗೆ ಹೊಂದಿಸಿಕೊಳ್ಳಬಹುದಿತ್ತು.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಹೀಗೆ ಕೈಯಾರೆ ಮಾಡಿ ಕಲಿತದ್ದೇ ಕೈಗೆ ಬಂತು. ಚಂದನ ಟಿವಿಯಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧ ಪಾಠಗಳು ಬರುತ್ತಿದ್ದವು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ವಿಡಿಯೊ ಸಿಗುತ್ತಿತ್ತು, ಆಗಸ್ಟ್‌ನಿಂದ ವಿದ್ಯಾಗಮ ಅಂತ ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಪಾಠ. ಎಲ್ಲವೂ ಬೇಕಾಗಿತ್ತು. ಆದರೆ ನಮ್ಮ ಮಕ್ಕಳ ಮನೆಯಲ್ಲಿ ಇದ್ದ ಒಂದೇ ಫೋನು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಹಾಗಾಗಿ ನಾನು ಸಣ್ಣ ಸಣ್ಣ ಪಾಠ ರೆಕಾರ್ಡ್ ಮಾಡಿ ರಾತ್ರಿ ವಾಟ್ಸಾಪ್‌ಗೆ ಹಾಕುತ್ತಿದ್ದೆ, ಡೇಟಾ ಜಾಸ್ತಿ ಖರ್ಚಾಗಬಾರದು ಅಂತ ಕೆಲವನ್ನು ಬರೀ ಧ್ವನಿ ಮತ್ತು ಒಂದು ಫೋಟೊದಲ್ಲೇ ಮುಗಿಸುತ್ತಿದ್ದೆ. ಮಕ್ಕಳು ನೋಟ್‌ಬುಕ್ಕಿನ ಫೋಟೊ ಕಳಿಸುತ್ತಿದ್ದರು, ನಾನು ಎಲ್ಲಿ ತಪ್ಪಿದೆ ಅಂತ ಹೆಸರು ಹಿಡಿದು ಮಾತಾಡಿ ವಾಪಸ್ ಕಳಿಸುತ್ತಿದ್ದೆ. ಯಾವ ಮನೆಗೆ ಯಾವಾಗ ಫೋನು ಬರುತ್ತೆ ಅಂತ ಆ ಊರಿನ ಮೇಷ್ಟ್ರಿಗೆ ತಾನೇ ಗೊತ್ತಿರೋದು, ಅಲ್ವಾ?

ಅದಕ್ಕೇ ಹೇಳ್ತೀನಿ, ತರಬೇತಿಯ ಅರ್ಧ ಸಮಯವನ್ನಾದರೂ ಶಿಕ್ಷಕರು ತಾವೇ ಏನಾದರೂ ಮಾಡುವುದಕ್ಕೆ ಬಿಡಿ. ಮಾಡಿದ್ದನ್ನು ಪಕ್ಕದ ಶಾಲೆಯವರು ನೋಡಲಿ, ತಪ್ಪಿದ್ದರೆ ಹೇಳಲಿ. ಬೀಗ ಹಾಕಿಟ್ಟ ಕಂಪ್ಯೂಟರ್ ಕೋಣೆಯ ಕೀಲಿ ಯಾರ ಹತ್ತಿರ ಇದೆ ಅಂತ ನಿಮ್ಮ ಶಾಲೆಯಲ್ಲಿ ನಾಳೆ ಬೆಳಿಗ್ಗೆ ಕೇಳಿ. ಜಿಯೋಜಿಬ್ರಾ ಹಾಕಿಕೊಳ್ಳಲು ತೊಂದರೆ ಆದರೆ ನನಗೆ ಮೆಸೇಜ್ ಮಾಡಿ, ಕೂತು ಹೇಳಿಕೊಡ್ತೀನಿ.