ಕಬಡ್ಡಿಗೊಂದು ಪ್ರಾಸ ಬೇಕಾಗಿದೆ

ನಮ್ಮೂರಿನಲ್ಲಿ ಕವಿ ಅನ್ನಿಸಿಕೊಳ್ಳಲು ಹೆಚ್ಚೇನೂ ಬೇಡ, ಒಂದು ಸನ್ಮಾನ ಪತ್ರ ಬರೆದರೆ ಸಾಕು. ಪಿ.ಟಿ. ಮಾಸ್ಟ್ರು ನಿವೃತ್ತರಾದಾಗ ನಾನು ಬರೆದುಕೊಟ್ಟ ಪತ್ರದಲ್ಲಿ ‘ಶಿಸ್ತಿನ ಸಿಪಾಯಿ, ಕರುಣೆಯ ತಾಯಿ’ ಎಂಬ ಸಾಲಿತ್ತು. ಮಾಸ್ಟ್ರು ಆರಡಿ ಎತ್ತರದ ಆಸಾಮಿ, ಮೇಲೆ ಹುರಿಮೀಸೆ ಬೇರೆ. ತಾಯಿ ಎಲ್ಲಿಂದ ಬಂದಳೆಂದು ಒಬ್ಬರೂ ಕೇಳಲಿಲ್ಲ. ಪ್ರಾಸ ಬಿತ್ತು, ಚಪ್ಪಾಳೆಯೂ ಬಿತ್ತು. ಅಂದಿನಿಂದ, ಸೊಸೈಟಿಯಲ್ಲಿ ಸಾಲದ ಲೆಡ್ಜರ್ ಬರೆದುಕೊಂಡಿದ್ದ ನಾನು ಊರಿಗೆ ಕವಿ.

ಹೋದ ಡಿಸೆಂಬರಿನಲ್ಲಿ ಯುವಕ ಮಂಡಲದ ನಾಲ್ಕು ಹುಡುಗರು ಕೌಂಟರಿನೆದುರು ಬಂದು ನಿಂತರು. ನಾನು ಅರ್ಜಿ ಫಾರಂ ಹೊರತೆಗೆದೆ.

“ಸಾಲ ಅಲ್ಲ ಭಟ್ರೆ, ಸಾಲು! ನಾಲ್ಕೇ ನಾಲ್ಕು ಸಾಲು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಉಂಟಲ್ಲ, ಉದ್ಘಾಟನೆಗೆ ಮೈಕಿನಲ್ಲಿ ಓದ್ಲಿಕ್ಕೆ. ಪ್ರಾಸ ಇರ್ಬೇಕು, ಆ ತಾಯಿ-ಸಿಪಾಯಿ ಹಾಗೆ.”

“ಅದೆಂತ ದೊಡ್ಡ ಸಂಗತಿ ಮಾರಾಯ, ಶುಕ್ರವಾರ ಬಾ” ಅಂದುಬಿಟ್ಟೆ. ಲೋನ್ ಸ್ಯಾಂಕ್ಷನ್ ಮಾಡುವಾಗ ಇಷ್ಟು ಧಾರಾಳಿ ನಾನಲ್ಲ.

ರಾತ್ರಿ ಊಟ ಮುಗಿಸಿ ಬಿಳಿ ಹಾಳೆ ಇಟ್ಟುಕೊಂಡು ಕೂತೆ. ಕಬಡ್ಡಿ. ಮೊದಲು ಹೊಳೆದದ್ದು ಬಡ್ಡಿ. ಹುಡುಕುವ ಕೆಲಸವೇ ಇಲ್ಲ, ಪದದ ಹೊಟ್ಟೆಯೊಳಗೇ ಕೂತಿದೆ. ದಿನವಿಡೀ ಬಡ್ಡಿ ಲೆಕ್ಕ ಹಾಕಿ ಬಂದವನು ಮನೆಯಲ್ಲೂ ಅದನ್ನೇ ಬರೆಯುವುದೇ ಎಂದು ಬೇರೆ ನೋಡಿದೆ. ಚಡ್ಡಿ. ಅದನ್ನು ಹಾಕದೆ ಆಟವಿಲ್ಲ ನಿಜ, ಆದರೆ ಮುಖ್ಯ ಅತಿಥಿಗಳ ಮುಂದೆ ಅದನ್ನು ಹಾಡುವುದು ಹೇಗೆ? ಕಡ್ಡಿ, ಅಡ್ಡಿ, ಬುಡ್ಡಿ, ಮಡ್ಡಿ, ಗಿಡ್ಡಿ. ಆಗ ಗೊತ್ತಾಯಿತು, ಕನ್ನಡದಲ್ಲಿ ‘ಡ್ಡಿ’ ಕುಲದಲ್ಲಿ ಮರ್ಯಾದಸ್ಥರೇ ಹುಟ್ಟಿಲ್ಲ. ಶೌರ್ಯ, ಸಾಹಸ, ಕೀರ್ತಿ, ವಿಜಯ ಯಾವುದಕ್ಕೂ ಈ ಮನೆತನದ ಸಂಬಂಧವಿಲ್ಲ.

ಬೇರೆ ಆಟಗಳಿಗೆ ಈ ಗ್ರಹಚಾರ ಇಲ್ಲ. ಕ್ರಿಕೆಟ್ ಬರುವಾಗಲೇ ವಿಕೆಟ್, ಟಿಕೆಟ್ಟುಗಳನ್ನು ಜೊತೆಗೆ ಕರಕೊಂಡು ಬಂದಿದೆ. ಸಾಲದಿದ್ದರೆ ಬಚ್ಚಲಿನಲ್ಲಿ ಬಕೆಟ್ ಇದೆ. ಹಗ್ಗಜಗ್ಗಾಟವಂತೂ ತನ್ನ ಪ್ರಾಸ ತಾನೇ ಕಟ್ಟಿಕೊಂಡ ಸ್ವಾವಲಂಬಿ. ಖೋಖೋಗೆ ತೋಟದಲ್ಲಿ ಅಡಿಕೆಯ ನಡುವೆ ಕೊಕ್ಕೋ ಬೆಳೆದು ನಿಂತಿದೆ. ಕಂಬಳದ ಭಾಗ್ಯ ಕೇಳುವುದೇ ಬೇಡ: ಕಂಬಳ, ಸಂಬಳ. ಸ್ವಲ್ಪ ಆಚೀಚೆ ಆದರೂ ಅಡ್ಡಿಯಿಲ್ಲ ಎಂದರೆ ಬೆಂಬಲ, ಹಂಬಲ. ಹಿಂದಿನವರು ಪ್ರಾಸಗಳಿಗೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿಟ್ಟರಲ್ಲ, ಅದರಲ್ಲಿ ಪ್ರಾಸಾಕ್ಷರದ ಹಿಂದೆ ಸೊನ್ನೆ ಬಂದರೆ ವೃಷಭ. ಕೋಣ ಓಡುವ ಆಟಕ್ಕೆ ಎತ್ತಿನ ಪ್ರಾಸ! ಕಬಡ್ಡಿ-ಬಡ್ಡಿಯ ಹಾಗೆ ಅದೇ ಅಕ್ಷರ ಒತ್ತಿ ಬಂದರೆ ಹಯ. ಆ ಒತ್ತಕ್ಷರಕ್ಕೆ ಹಳಗನ್ನಡದಲ್ಲಿ ‘ದಡ್ಡಕ್ಕರ’ ಎನ್ನುತ್ತಾರೆ. ಸಾವಿರ ವರ್ಷ ಮೊದಲೇ ನನ್ನನ್ನು ನೋಡಿ ಇಟ್ಟ ಹೆಸರಿನಂತಿದೆ.

ಕೊನೆಯ ಪ್ರಾಸ ಬೇಡ, ಹಿರಿಯರ ಹಾಗೆ ಎರಡನೆಯ ಅಕ್ಷರದ್ದೇ ಹಿಡಿಯೋಣ ಎಂದುಕೊಂಡೆ. ಕಬಡ್ಡಿಯಲ್ಲಿ ಅದು ‘ಬ’. ಹಿಂದೆ ಹ್ರಸ್ವ, ಅಂದರೆ ಸಾಕ್ಷಾತ್ ಸಿಂಹಪ್ರಾಸ. ಎದೆ ಉಬ್ಬಿತು. ಪಟ್ಟಿ ಮಾಡಿದೆ: ಶಬರಿ, ರಬಕವಿ, ಅಬಕಾರಿ, ಲಬೋಲಬೋ. ಕರಾವಳಿಯ ಪಂದ್ಯಾಟಕ್ಕೆ ರಬಕವಿಯಿಂದ ಶಬರಿಯನ್ನು ಕರೆಸಿ, ಅಬಕಾರಿಯವರು ಬಂದರೆಂದು ಲಬೋಲಬೋ ಎನ್ನಿಸಬೇಕು. ಸಿಂಹ ಬಾಲ ಮುದುರಿತು.

ಮಗ ಫೋನಿನಿಂದ ತಲೆಯೆತ್ತದೆ, “ಅಪ್ಪ, ಟೆಡ್ಡಿ, ರೆಡಿ, ಬಾಡಿ” ಅಂದ. ಹೆಂಡತಿ ಶಿರಸಿ ಕಡೆಯವಳು. ಇಪ್ಪತ್ತು ವರ್ಷದಲ್ಲಿ ನನ್ನ ಯಾವ ಕವನಕ್ಕೂ ಅವಳು ಕೊಟ್ಟ ಗರಿಷ್ಠ ಪ್ರಶಸ್ತಿ “ಅಡ್ಡಿಲ್ಲೆ.” ಅದೂ ‘ಡ್ಡಿ’ಯೇ, ಇರಲಿ ಎಂದು ಬರೆದಿಟ್ಟುಕೊಂಡೆ.

ಗಂಟೆ ಹನ್ನೊಂದಾಯಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಆದಿಪ್ರಾಸದ, ಅಂದರೆ ಈ ಎರಡನೆಯ ಅಕ್ಷರದ ಪ್ರಾಸದ, ಹಂಗು ಬಿಟ್ಟು ಬರೆದರು. ಇಷ್ಟು ಹತ್ತಿರದ ಊರಿನ ಸುದ್ದಿ, ನೂರು ವರ್ಷ ಕಳೆದರೂ ನಮ್ಮ ಯುವಕ ಮಂಡಲಕ್ಕೆ ಮುಟ್ಟಿಲ್ಲ. ಸಿಟ್ಟು ಬಂತು. ಸಿಟ್ಟಿನಲ್ಲಿ, ಯಾರೂ ನೋಡುವುದಿಲ್ಲವೆಂಬ ಧೈರ್ಯದಲ್ಲಿ ಹೀಗೆ ಗೀಚಿದೆ:

ಶನಿವಾರ ರಾತ್ರಿ ಕಬಡ್ಡಿ
ಬನ್ನಿ ಹಾಕಿಕೊಂಡು ಚಡ್ಡಿ
ಧಣಿಗಳ ಕಿಸೆಗೆ ಬಡ್ಡಿ
ಬಡವರ ಬಾಯಿಗೆ ಕಡ್ಡಿ

ಧಣಿಗಳೆಂದರೆ ಪಂದ್ಯಾಟದ ಮುಖ್ಯ ಅತಿಥಿ. ಪೇಟೆಯಲ್ಲಿ ಫೈನಾನ್ಸ್ ನಡೆಸುತ್ತಾರೆ. ಪ್ರಥಮ ಬಹುಮಾನದ ಹಣವೂ ಅವರದೇ.

ಗೀಚಿದ ಮೇಲೆ ತಲೆ ಹಗುರಾಯಿತು. ಆಗ ನೆನಪಾದದ್ದು ಕಾಲೇಜಿನಲ್ಲಿ ಕವಿರಾಜಮಾರ್ಗದ ಪಾಠ. ಪೂರ್ತಿ ಹೊಂದದ ಪ್ರಾಸಗಳಿಗೂ ಅದರಲ್ಲಿ ಜಾಗವುಂಟು: ಒಂದೇ ವರ್ಗದ ಅಕ್ಷರಗಳು ಬಂದರೆ ವರ್ಗಪ್ರಾಸ, ಕಿವಿಗೆ ಹತ್ತಿರವಾಗಿ ಕೇಳಿದರೆ ಸಮೀಪಪ್ರಾಸ. ಒಂಬತ್ತನೆಯ ಶತಮಾನದಲ್ಲೇ ಶ್ರೀವಿಜಯ ಇಷ್ಟು ಸಡಿಲ ಬಿಟ್ಟಿರುವಾಗ ನಾನೇಕೆ ಡಕಾರಕ್ಕೆ ನೇತುಬೀಳಲಿ? ಅವನು ಹೇಳಿದ್ದು ಎರಡನೆಯ ಅಕ್ಷರಕ್ಕೆ. ನಾನದನ್ನು ಎತ್ತಿ ಸಾಲಿನ ಕೊನೆಗಿಟ್ಟೆ. ಡ ಇದ್ದಲ್ಲಿ ಟ ಇಟ್ಟು ನೋಡಿದೆ. ತಟ್ಟಿ, ಮುಟ್ಟಿ, ಗಟ್ಟಿ, ಜಟ್ಟಿ! ಇಡೀ ಆಟವೇ ಪಕ್ಕದ ಮನೆಯಲ್ಲಿ ಕೂತಿತ್ತು. ತೊಡೆ ತಟ್ಟದೆ ದಾಳಿಗೆ ಹೊರಡುವವರುಂಟೇ? ಹೋದವನು ಮೂವತ್ತು ಸೆಕೆಂಡಿನೊಳಗೆ, ಉಸಿರು ಬಿಡದೆ, ಯಾರನ್ನಾದರೂ ಮುಟ್ಟಿ ಗೆರೆಗೆ ಮರಳಬೇಕಲ್ಲ! ಹಾಳೆ ಮಗುಚಿ, ದುಂಡಗಿನ ಅಕ್ಷರದಲ್ಲಿ ಬರೆದೆ:

ಬನ್ನಿರಿ ನೋಡಲು ಕಬಡ್ಡಿ
ಇಳಿದರು ವೀರರು ತೊಡೆ ತಟ್ಟಿ
ಉಸಿರನು ಹಿಡಿದು ಗೆರೆ ಮುಟ್ಟಿ
ಗೆಲ್ಲಲಿ ನಮ್ಮೂರ ಜಗಜಟ್ಟಿ

ಹಾಳೆ ಮಗುಚಿದ್ದೇ ತಪ್ಪಾಯಿತು. ಕಾಗದ ದಂಡವಾಗಬಾರದೆಂಬ ಸೊಸೈಟಿ ಬುದ್ಧಿ, ಇನ್ನೇನು!

ಶನಿವಾರ ರಾತ್ರಿ ಶಾಲೆಯ ಮೈದಾನ ಝಗಝಗ. ಅಂಗಣದ ಮಣ್ಣಿಗೆ ನೀರು ಹಾಕಿ ಹದ ಮಾಡಿ, ಸುಣ್ಣದ ಗೆರೆ ಎಳೆದಿದ್ದರು. ಧಣಿಗಳು ನಡುಗೆರೆಯ ಹತ್ತಿರ ತೆಂಗಿನಕಾಯಿ ಒಡೆದರು. ವೀಕ್ಷಕ ವಿವರಣೆಗೆ ದೂರದಿಂದ ಕರೆಸಿದ ಜನ. ಯಕ್ಷಗಾನದ ಭಾಗವತರಿಗಿರಬೇಕಾದ ಸ್ವರ. “ಈ ಮಣ್ಣಿನ ಹೆಮ್ಮೆಯ ಕವಿಗಳು ಇದೇ ಪಂದ್ಯಾಟಕ್ಕೆಂದು ರಚಿಸಿದ ಕವನ...” ಎಂದು ಅವರು ಹಾಳೆ ಬಿಡಿಸಿದರು. ಚೆಂದದ ಅಕ್ಷರದ ಬದಿ ನನ್ನತ್ತ ಕಾಣುತ್ತಿತ್ತು. ಅದು ನನ್ನತ್ತ ಇದ್ದರೆ ಅವರತ್ತ ಇರುವುದೇನು ಎಂದು ಹೊಳೆಯುವಷ್ಟರಲ್ಲಿ ಚಡ್ಡಿ ಬಂದಾಗಿತ್ತು.

ಬಡ್ಡಿಯ ಸಾಲಿಗೆ ಮೈದಾನ ಒಂದು ಕ್ಷಣ ತಣ್ಣಗಾಯಿತು. ಮತ್ತೆ ಎದ್ದ ಶಿಳ್ಳೆಯನ್ನು ನಮ್ಮೂರು ಯಾವ ಫೈನಲ್ಲಿನಲ್ಲೂ ಕೇಳಿರಲಿಕ್ಕಿಲ್ಲ. ಅಲ್ಲಿಗೂ ನಿಲ್ಲಿಸದೆ ಆ ಪುಣ್ಯಾತ್ಮರು ಕೆಳಗೆ ಗೀಚಿದ್ದ “ಬುಡ್ಡಿ, ಮಡ್ಡಿ, ಗಿಡ್ಡಿ, ಛೆ!” ಎಂಬುದನ್ನೂ ಐದನೆಯ ಸಾಲೆಂದು ತಿಳಿದು ರಾಗವಾಗಿ ಓದಿದರು. ‘ಛೆ’ಗೆ ಒಂದು ಆಲಾಪವನ್ನೂ ಕೊಟ್ಟರು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಇಡೀ ರಾತ್ರಿ ದಾಳಿಗಾರ “ಕಬಡ್ಡಿ ಕಬಡ್ಡಿ” ಎಂದು ಹೋದರೆ ಹೊರಗಿನಿಂದ “ಚಡ್ಡಿ ಬಡ್ಡಿ” ಎಂಬ ಹಿಮ್ಮೇಳ. ಒಬ್ಬ ನಗು ತಡೆಯಲಾರದೆ ಉಸಿರು ಬಿಟ್ಟು ಔಟಾದ.

ನಾನು ಕಂಬದ ಮರೆಗೆ ಸರಿದು ಕೂತೆ. ಎದುರಾಳಿಯ ಏಳೂ ಜನ ಔಟಾದಾಗ ಮೈಕಿನಲ್ಲಿ “ಲೋನಾ!” ಎಂದು ಕೂಗಿದರು. ಯಾರೋ ಸಾಲ ಕೇಳಿದರೆಂದು ಎದ್ದು ನಿಂತೆ. ಬೋನಸ್ ಗೆರೆ, ಲೋನಾ, ಹೆಸರಿನೊಳಗೇ ಬಡ್ಡಿ. ಈ ಆಟ ಹುಟ್ಟಿದ್ದು ಗದ್ದೆಯಲ್ಲಲ್ಲ, ಯಾವುದೋ ಸೊಸೈಟಿಯ ಕೌಂಟರಿನಲ್ಲೇ ಇರಬೇಕು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದದ್ದೇ ತಡ, ಧಣಿಗಳು ಬಂದರು. ನನ್ನ ಕೈಯ ಪೆನ್ನು ಬಿತ್ತು.

“ಕವನ ಲಾಯ್ಕಿತ್ತು ಭಟ್ರೆ. ನಿಮ್ಮ ಸೊಸೈಟಿದು ಬಡ್ಡಿ ಎಷ್ಟು?”

ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ನಂದಕ್ಕೂ ನಿಮ್ದಕ್ಕೂ ಅಂಥ ವ್ಯತ್ಯಾಸ ಎಂತ ಇಲ್ಲ. ಮುಂದಿನ ವರ್ಷ ನಿಮ್ಮ ಅಧ್ಯಕ್ಷರನ್ನೂ ವೇದಿಕೆಗೆ ಕರೀರಿ” ಅಂದವರೇ ನಡೆದರು.

ಆ ಹಾಳೆ ಮಾತ್ರ ನನ್ನ ಕೈಗೆ ವಾಪಸು ಬಂದಿತ್ತು. ಮಧ್ಯರಾತ್ರಿ ವಿವರಣೆಗಾರರು ಅದರಲ್ಲೇ ಚರುಮುರಿ ಕಟ್ಟಿಸಿಕೊಂಡು ತಿನ್ನುತ್ತಿದ್ದರು. ತಿಂದಾದ ಮೇಲೆ ಕೇಳಿ ತಂದು ಕಿಸೆಯಲ್ಲಿಟ್ಟಿದ್ದೆ. ಶರ್ಟು ಒಗೆಯಲು ತೆಗೆದ ಹೆಂಡತಿ ಅದನ್ನು ಬಿಡಿಸಿ, ಜಗಜಟ್ಟಿಗೆ ಅಂಟಿದ್ದ ಈರುಳ್ಳಿಯನ್ನು ಉಗುರಿನಿಂದ ಕೆರೆದು, ನಾಲ್ಕೂ ಸಾಲು ಓದಿದಳು.

“ಅಡ್ಡಿಲ್ಲೆ” ಅಂದಳು.